ಮುಂದೆ ನಿಂತವನು ಬದಲಾಗುವುದು

ನಮ್ಮ ಕಡೆ ಒಬ್ಬ ಯಜಮಾನನನ್ನು ಹೊಗಳುವಾಗ ಸಾಮಾನ್ಯವಾಗಿ ಏನು ಹೇಳುತ್ತೇವೆ? "ಹಿಂದಿನಿಂದ ಬಂದದ್ದನ್ನು ಒಂಚೂರೂ ಬಿಡದೆ ನಡೆಸಿಕೊಂಡು ಬಂದರು" ಎನ್ನುತ್ತೇವೆ. ದೇವಸ್ಥಾನದ ಮೊಕ್ತೇಸರರಾಗಲಿ, ಇಗರ್ಜಿಯ ಗುರ್ಕಾರರಾಗಲಿ, ಶಾಲೆಯ ಹೆಡ್‌ಮಾಸ್ಟರಾಗಲಿ, ಈ ಮಾತಿಗಿಂತ ದೊಡ್ಡ ಬಿರುದು ಬೇರೆ ಇಲ್ಲ. ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಕಾಯುವವರಿಲ್ಲದೆ ಯಾವುದೂ ಉಳಿಯುವುದಿಲ್ಲ. ಆದರೆ ಕಾಯುವ ಕೆಲಸಕ್ಕೇ ನಿಂತವನು ಕೆಲವೊಮ್ಮೆ ತಾನೇ ಬಾಗಿಲು ತೆಗೆಯಬೇಕಾಗಿ ಬಂದರೆ ಏನು ಮಾಡಬೇಕು? ಕ್ರೈಸ್ತ ಧರ್ಮಕ್ಕೆ ಈ ಪ್ರಶ್ನೆ ಹೊರಗಿನಿಂದ ಬಂದದ್ದಲ್ಲ. ಅದು ಹುಟ್ಟಿದ ಇಪ್ಪತ್ತು ವರ್ಷದೊಳಗೇ, ಅದರ ಮೊದಲ ನಾಯಕನ ಮುಂದೆಯೇ ಬಂದು ನಿಂತಿತು.

ಪೇತ್ರನ ಕಥೆ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದಲ್ಲಿ ಉಂಟು. ಅವನು ಯೆಹೂದಿ. ಇಂಥದ್ದು ತಿನ್ನಬಾರದು, ಇಂಥವರ ಮನೆಗೆ ಹೋಗಬಾರದು ಎಂಬ ಕಟ್ಟುಪಾಡಿನಲ್ಲೇ ಬೆಳೆದವನು. ಯೊಪ್ಪ ಎಂಬ ಊರಿನಲ್ಲಿ ಒಂದು ಮಧ್ಯಾಹ್ನ ಹಸಿವಾಗಿ, ಅಡುಗೆ ಆಗುವವರೆಗೆ ಮಾಳಿಗೆಯ ಮೇಲೆ ಪ್ರಾರ್ಥನೆ ಮಾಡುತ್ತಿದ್ದಾಗ ಅವನಿಗೊಂದು ದರ್ಶನವಾಯಿತು. ಆಕಾಶದಿಂದ ಒಂದು ಜೋಳಿಗೆಯಂಥ ಬಟ್ಟೆ ಇಳಿಯುತ್ತದೆ, ಅದರ ತುಂಬ ತಿನ್ನಬಾರದ ಪ್ರಾಣಿಗಳು, ತಿನ್ನು ಎಂದು ಅಪ್ಪಣೆ. ಪೇತ್ರ ಒಪ್ಪುವುದಿಲ್ಲ. ಮೂರು ಸಲ ಹೀಗೇ ಆಯಿತು. ಅಷ್ಟರಲ್ಲಿ ಕೆಳಗೆ ಬಾಗಿಲಲ್ಲಿ ಮೂರು ಜನ ನಿಂತಿದ್ದಾರೆ. ಕೈಸರೈಯದಲ್ಲಿದ್ದ ಕೊರ್ನೇಲ್ಯನೆಂಬ ರೋಮನ್ ಸೇನೆಯ ಅಧಿಕಾರಿ ಕರೆಕಳಿಸಿದ್ದಾನೆ.

ಪಾದ್ರಿಗಳು ಹೆಚ್ಚಾಗಿ ದರ್ಶನದ ಬಗ್ಗೆಯೇ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅದಕ್ಕೆ ಮೊದಲೇ ಒಂದು ಸಾಲಿನಲ್ಲಿ ಬಂದು ಹೋಗುವ ಸಂಗತಿ. ಆ ಮನೆ ಚರ್ಮ ಹದಮಾಡುವ ಸೀಮೋನನದ್ದು. ಸತ್ತ ಪ್ರಾಣಿಯ ತೊಗಲು ಮುಟ್ಟುವ ಕೆಲಸ, ಮೂಗು ಮುಚ್ಚಿಕೊಂಡು ದೂರ ಇಡುವ ಕೆಲಸ. ಇಂಥ ಮನೆ ಊರಿನ ಯಾವ ಮೂಲೆಯಲ್ಲಿರುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೇತ್ರ ಅಲ್ಲಿ ಎಷ್ಟೋ ದಿನಗಳಿಂದ ಉಳಿದುಕೊಂಡಿದ್ದ, ಅಲ್ಲೇ ಉಣ್ಣುತ್ತಿದ್ದ. ಹೇಳಿದ್ರೆ, ಆಕಾಶ ತೆರೆಯುವ ಮೊದಲೇ ಅವನ ಕಾಲು ಒಂದು ಗಡಿ ದಾಟಿ ಆಗಿತ್ತು. ಮನಸ್ಸು ಹಿಂದಿನಿಂದ ಬಂತು.

ಅವನು ಕೊರ್ನೇಲ್ಯನ ಮನೆಗೆ ಹೋದ. ಒಬ್ಬನೇ ಹೋಗಲಿಲ್ಲ, ಜೊತೆಗೆ ಆರು ಜನ ಸಹೋದರರನ್ನು ಕರಕೊಂಡು ಹೋದ. ಯೆರೂಸಲೇಮಿಗೆ ಹಿಂತಿರುಗಿದಾಗ ತನ್ನವರೇ ಹಿಡಿದು ಕೇಳಿದರು: ಸುನ್ನತಿಯಿಲ್ಲದವರ ಮನೆ ಹೊಕ್ಕು ಅವರ ಜೊತೆ ಊಟ ಮಾಡಿದೆಯಂತಲ್ಲ? ಆಗ ಪೇತ್ರ "ನಾನು ಹಿರಿಯ, ನನ್ನನ್ನು ಕೇಳುವವರು ಯಾರು" ಎನ್ನಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಕ್ರಮವಾಗಿ ಹೇಳಿದ. ಆ ಆರು ಜನ ಸಾಕ್ಷಿಗೆ ಪಕ್ಕದಲ್ಲೇ ಇದ್ದರು. ಬದಲಾವಣೆ ತರುವ ನಮ್ಮ ಎಷ್ಟೋ ಕಮಿಟಿಗಳು ತಪ್ಪುವುದು ಇಲ್ಲೇ ಮಾರಾಯ್ರೆ. ತೀರ್ಮಾನ ನೋಟೀಸು ಬೋರ್ಡಿನಲ್ಲಿ ಬರುತ್ತದೆ, ಕಾರಣ ಬರುವುದಿಲ್ಲ. ಮುಂದೆ ಕ್ರಿಸ್ತಶಕ 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಸಭೆ ನಡೆದು, ಅನ್ಯಜನರ ಮೇಲೆ ಸುನ್ನತಿಯ ಭಾರ ಹೊರಿಸಬಾರದು ಎಂದಾಯಿತು. ಅದನ್ನು ತಿಳಿಸಲು ಪತ್ರ ಬರೆದರು. ಪತ್ರ ಮಾತ್ರ ಸಾಲದು ಎಂದು ಬಾಯಿಂದ ಹೇಳಲಿಕ್ಕೆ ಇಬ್ಬರು ಮನುಷ್ಯರನ್ನೂ ಕಳಿಸಿದರು.

ಹಾಗಾದರೆ ಬದಲಾಗುವುದೆಲ್ಲ ಒಳ್ಳೆಯದೋ? ಅದೇ ಬೈಬಲಿನಲ್ಲಿ ಆರೋನನ ಕಥೆ ಉಂಟು. ಅಣ್ಣತಮ್ಮಂದಿರಲ್ಲಿ ಮೋಶೆ ಬೆಟ್ಟ ಹತ್ತಿ ನಲವತ್ತು ದಿನ ಬರಲಿಲ್ಲ, ಜನ ಗಲಾಟೆ ಮಾಡಿದರು, ಆರೋನ ಚಿನ್ನದ ಕರು ಮಾಡಿ ಕೊಟ್ಟ. ಅವನೂ ಕಾಲಕ್ಕೆ ತಕ್ಕ ಹಾಗೆ ಬದಲಾದ ನಾಯಕನೇ! ಮೋಶೆ ಬಂದು ಕೇಳಿದಾಗ ಅವನು ಕೊಟ್ಟ ಉತ್ತರ ಓದಿದರೆ ನಗು ಬರುತ್ತದೆ. ಚಿನ್ನವನ್ನು ಬೆಂಕಿಗೆ ಹಾಕಿದೆ, ಕರು ತಾನಾಗಿ ಹೊರಬಂತು ಎನ್ನುತ್ತಾನೆ. ಪೇತ್ರ ಬದಲಾದ ಮೇಲೆ ಅವನ ತಲೆಗೆ ಪ್ರಶ್ನೆಗಳು ಬಂದವು, ಆರೋನ ಬದಲಾದದ್ದು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಿಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಕ್ಕಾಗುವುದಿಲ್ಲ. ಇನ್ನು ಸೊಲೊಮೋನನ ಮಗ ರೆಹಬ್ಬಾಮ. ಜನರ ಭಾರ ಇಳಿಸು ಎಂದು ಮುದುಕರು ಹೇಳಿದರು, ಇನ್ನೂ ಹೇರು ಎಂದು ಜೊತೆಯಲ್ಲಿ ಬೆಳೆದ ಎಳೆಯರು ಹೇಳಿದರು. ಎಳೆಯರ ಮಾತು ಕೇಳಿ ರಾಜ್ಯದ ಹತ್ತು ಕುಲಗಳನ್ನು ಕಳಕೊಂಡ. ಹಿರಿಯರೆಂದರೆ ಹಟ, ಕಿರಿಯರೆಂದರೆ ಹೊಸತು ಎಂದು ಸುಲಭವಾಗಿ ಲೆಕ್ಕ ಹಾಕುವವರು ಇದನ್ನೊಮ್ಮೆ ಓದಬೇಕು.

ನಮ್ಮ ಹತ್ತಿರದ ಒಂದು ಉದಾಹರಣೆ ನೋಡುವ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಸುವಾರ್ತೆ ಸಾರುವುದಕ್ಕೆ ಬಂದವರು, ಕಾರ್ಖಾನೆ ಕಟ್ಟುವುದಕ್ಕಲ್ಲ. ಆದರೆ ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗೆ ಹಾಕಿದರು, ಇದ್ದ ಕಸುಬು ಹೋಯಿತು. ಮೂರ್ತೆ ಕೆಲಸ ಮಾಡುತ್ತಿದ್ದವರಿಗೆ ಕಳ್ಳು ಇಳಿಸುವುದನ್ನು ಮಿಶನ್ನೇ ಬೇಡವೆಂದಿತು. ಬೇಡ ಎಂದ ಮೇಲೆ ಹೊಟ್ಟೆಗೆ ಏನು? ಹೀಗೆ ಕೈಮಗ್ಗ ಬಂತು, ಛಾಪಖಾನೆ ಬಂತು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನಮ್ಮ ಹಳೆಯ ಮನೆಗಳ ಮಾಡಿನಲ್ಲಿ ಇವತ್ತಿಗೂ ಮಂಗಳೂರು ಹಂಚು ಉಂಟಲ್ಲ, ಅದರ ಬುಡದಲ್ಲಿರುವುದು ಈ ಪ್ರಶ್ನೆ. ಅವರ ಎಲ್ಲ ಕೆಲಸವನ್ನೂ ನಾನು ಹೊಗಳುತ್ತಿಲ್ಲ. ಊಟ ಕೊಡುವವನೂ ಧರ್ಮ ಹೇಳುವವನೂ ಒಬ್ಬನೇ ಆದಾಗ ಕೆಲಸಗಾರ ಎಷ್ಟು ಸ್ವತಂತ್ರ ಎಂಬ ಸಂಶಯ ನ್ಯಾಯವಾದದ್ದೇ. ಆದರೂ ತಾವು ಕೊಟ್ಟ ಉಪದೇಶದ ಖರ್ಚು ಇನ್ನೊಬ್ಬರ ಒಲೆಯ ಮೇಲೆ ಬಿತ್ತೆಂದು ಕಂಡಾಗ ಅವರು ತಮ್ಮ ಕೆಲಸದ ಸ್ವರೂಪವನ್ನೇ ಬದಲಿಸಿಕೊಂಡರು.

ಖರ್ಚು ಎಂದೆ. ಬದಲಾವಣೆಯ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಇದೇ. 1958ರ ಅಕ್ಟೋಬರಿನಲ್ಲಿ ಪೋಪ್ ಆದ ಇಪ್ಪತ್ತಮೂರನೇ ಜಾನ್ ಅವರಿಗೆ ಆಗ 76 ವರ್ಷ. ಸ್ವಲ್ಪ ಕಾಲ ಗಾದಿ ನೋಡಿಕೊಳ್ಳುವ ಮುದುಕರು ಎಂದೇ ತುಂಬ ಜನ ಎಣಿಸಿದ್ದರು. ಮೂರು ತಿಂಗಳು ಕಳೆಯುವ ಮೊದಲೇ, 1959ರ ಜನವರಿ 25ರಂದು, ಲೋಕದ ಎಲ್ಲ ಬಿಷಪರ ಮಹಾಸಭೆ ಕರೆಯುತ್ತೇನೆ ಎಂದರು. 1962ರ ಅಕ್ಟೋಬರ್ 11ಕ್ಕೆ ಅದು ಶುರುವಾಯಿತು. ಫಲ ನೋಡಲಿಕ್ಕೆ ಅವರು ಉಳಿಯಲಿಲ್ಲ, 1963ರ ಜೂನಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 4ರಂದು ಪೂಜೆಯಲ್ಲಿ ಜನರ ಭಾಷೆಗೆ ಜಾಗ ಕೊಡುವ ನಿರ್ಣಯಕ್ಕೆ 2147 ಮತ ಪರ, 4 ವಿರುದ್ಧ.

ನಮ್ಮ ಕಡೆಯ ಇಗರ್ಜಿಗಳಿಗೆ ಇದರ ಅರ್ಥ ಏನು? 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದರೂ ಇಲ್ಲಿನ ಹಳೆಯ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಅಲ್ಲಿ ಲ್ಯಾಟಿನ್ ಹೋಗಿ ಕೊಂಕಣಿ ಬಂತು, ಕನ್ನಡ ಬಂತು. ಬೆನ್ನು ಹಾಕಿ ನಿಂತು ಪೂಜೆ ಮಾಡುತ್ತಿದ್ದ ಪಾದ್ರಿ ಜನರ ಕಡೆಗೆ ತಿರುಗಿ ನಿಂತರು. ಹೇಳುವುದು ಏನೆಂದು ಮೊದಲ ಬಾರಿಗೆ ಎಲ್ಲರಿಗೂ ಅರ್ಥವಾಯಿತು. ಮನೆಮಾತು ಒಂದು, ಶಾಲೆಯ ಮಾತು ಒಂದು, ಸರಕಾರಿ ಕಾಗದದ್ದು ಮತ್ತೊಂದು ಎಂದು ಬದುಕುವ ಗಡಿನಾಡಿನವರಿಗೆ ಇದರ ಬೆಲೆ ಗೊತ್ತು. ಆದರೆ ಬಾಲ್ಯದಿಂದ ಲ್ಯಾಟಿನ್ ಸಾಲುಗಳನ್ನು ಬಾಯಿಪಾಠ ಮಾಡಿದ್ದ ಅಜ್ಜಿಯರೂ ಇದ್ದರಲ್ಲ? ಅರ್ಥ ಗೊತ್ತಿಲ್ಲದಿದ್ದರೂ ಆ ಸ್ವರ ಅವರ ಉಸಿರಿನಲ್ಲಿ ಸೇರಿತ್ತು, ಸತ್ತವರ ನೆನಪು ಅದರಲ್ಲೇ ಇತ್ತು. ಅದು ಹೋದಾಗ ಅವರಿಗಾದ ನಷ್ಟ ಸುಳ್ಳಲ್ಲ. ನಿರ್ಣಯ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಸರಿಯಾದ ನಿರ್ಣಯಕ್ಕೂ ಒಬ್ಬರು ಬೆಲೆ ತೆರುತ್ತಾರೆ, ಆ ಒಬ್ಬರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳುವುದು ನಾಯಕನ ಕೆಲಸದಲ್ಲಿ ಸೇರಿದೆ. ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕಥೆ ಹೇಳುವವರು, ಹಿಂದೆ ಉಳಿದ ಅಜ್ಜಿಯನ್ನು "ಹಳೇ ಕಾಲದವರು" ಎಂದು ತಳ್ಳಿಬಿಡಬಾರದು.

ಮತ್ತೆ ಪೇತ್ರನಿಗೆ ಬರುವ. ಅವನ ಕಥೆ ಅಷ್ಟು ಚಂದವಾಗಿ ಮುಗಿಯುವುದಿಲ್ಲ. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ: ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದ, ಯೆರೂಸಲೇಮಿನ ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ ಮೆಲ್ಲನೆ ಎದ್ದು ದೂರ ಸರಿದ. ಅವನನ್ನು ನೋಡಿ ಉಳಿದವರು ಸರಿದರು, ಬಾರ್ನಬನಂಥ ಒಳ್ಳೆಯವನೂ ಸರಿದ. ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಇದು ಯೆರೂಸಲೇಮಿನ ಸಭೆಗೆ ಮೊದಲೋ ನಂತರವೋ ಎಂದು ಪಂಡಿತರಲ್ಲಿ ಎರಡು ಮಾತುಂಟು. ಯಾವಾಗಲಾದರೂ ಆಗಲಿ, ಕೊರ್ನೇಲ್ಯನ ಮನೆಯಲ್ಲಿ ಉಂಡ ಮನುಷ್ಯನೇ ಇವನು. ನೋಡುವವರು ಬದಲಾದ ಕೂಡಲೇ ಅವನ ಎಲೆಯೂ ಬದಲಾಯಿತು.

ಈ ರೋಗ ನಮ್ಮಲ್ಲಿ ಇಲ್ಲವೆನ್ನಬೇಡಿ. ಎಲ್ಲರೂ ಒಂದೇ ಎಂದು ಭಾಷಣ ಮಾಡಿ, ಮದುವೆಯ ಪಂಕ್ತಿಯಲ್ಲಿ ಸಂಬಂಧಿಕರ ಮುಖ ನೋಡಿ ಬೇರೆ ಸಾಲಿಗೆ ಹೋಗಿ ಕೂತವರು ಎಲ್ಲ ಧರ್ಮದಲ್ಲೂ ಇದ್ದಾರೆ. ಒಂದೇ ಪಾತ್ರೆಯ ಪ್ರಸಾದ ತಿನ್ನುವ ಕ್ರೈಸ್ತರಲ್ಲೂ, ತಮಿಳುನಾಡಿನ ಕೆಲವು ಕಡೆ ಸ್ಮಶಾನದ ನಡುವೆ ಜಾತಿಯ ಗೋಡೆ ಕಟ್ಟಿದ್ದುಂಟು. ಆ ಗೋಡೆ ಕಟ್ಟುವಾಗಲೂ ಮುಂದೆ ನಿಂತವರು ಇದ್ದೇ ಇದ್ದರು, ಅವರಲ್ಲಿ ಎಷ್ಟೋ ಜನ ಭಾನುವಾರ ಪೇತ್ರನ ದರ್ಶನದ ಪಾಠ ಕೇಳಿದವರು. ಪೌಲ ಹಾಗೆ ಮುಖಕ್ಕೆ ಹೇಳಿದಾಗ ಪೇತ್ರ ಏನು ಉತ್ತರ ಕೊಟ್ಟ ಎಂಬುದನ್ನು ಆ ಪತ್ರ ಹೇಳುವುದಿಲ್ಲ. ಮರುದಿನ ಅವನು ಯಾರ ಜೊತೆ ಊಟಕ್ಕೆ ಕೂತ ಎಂಬುದನ್ನೂ ಹೇಳುವುದಿಲ್ಲ.