ನಡುವೆ ನಿಂತವರ ಧರ್ಮ

ವಿದ್ಯಾದಾನವು ದೊಡ್ಡ ದಾನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿಗೆ ವಿದ್ಯೆ ಕೊಡುವ ಸಲುವಾಗಿ ಅದನ್ನು ತಾಯಿಯ ಮಡಿಲಿನಿಂದ ದೂರಕ್ಕೆ ಕರೆದೊಯ್ಯುವವರು ಆ ತಾಯಿಗೆ ಸಲ್ಲಿಸಬೇಕಾದುದೇನು? ವಸತಿನಿಲಯಗಳಲ್ಲಿದ್ದು ಓದಿದ ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಬುತ್ತಿಯ ಗಂಟನ್ನು ಕೈಗಿತ್ತು, ತಿರುತಿರುಗಿ ನೋಡುತ್ತ ಊರ ದಾರಿ ಹಿಡಿದ ತಂದೆತಾಯಿಗಳ ನೆನಪು ಅವರಲ್ಲಿ ಮಾಸಿರಲಾರದು. ಈ ಪ್ರಶ್ನೆ ಬಹು ತೀಕ್ಷ್ಣವಾಗಿ ಎದುರಾಗಿರುವ ನಾಡುಗಳಲ್ಲಿ ಆಸ್ಟ್ರೇಲಿಯಾ ಒಂದು.

ಆ ಖಂಡದ ಉತ್ತರದಲ್ಲಿರುವ ಆರ್ನೆಮ್ ಲ್ಯಾಂಡ್, ಕೇಪ್ ಯಾರ್ಕ್, ಟಾರೆಸ್ ಜಲಸಂಧಿಯ ದ್ವೀಪಗಳು ಮೊದಲಾದೆಡೆಗಳ ಮೂಲನಿವಾಸಿ ಮಕ್ಕಳಲ್ಲಿ ಅನೇಕರು ಪ್ರೌಢಶಿಕ್ಷಣಕ್ಕಾಗಿ ದೂರದ ಡಾರ್ವಿನ್, ಕೇರ್ನ್ಸ್, ಟೌನ್ಸ್‌ವಿಲ್ ನಗರಗಳ ವಸತಿಶಾಲೆಗಳಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ರಸ್ತೆಗಳು ಮುಳುಗಿ, ಸಣ್ಣ ವಿಮಾನವೇ ಗತಿಯಾಗುವ ಊರುಗಳು ಅಲ್ಲಿ ಹಲವಿವೆ. ಎಷ್ಟೋ ಮಕ್ಕಳಿಗೆ ಇಂಗ್ಲಿಷು ಮೂರನೆಯದೋ ನಾಲ್ಕನೆಯದೋ ಭಾಷೆ. ಶಾಲೆಗೂ ಊರಿಗೂ ನಡುವೆ ಓಡಾಡಿ ಮಾತು ಮುಟ್ಟಿಸುವವರನ್ನು ಸಮುದಾಯ ಸಂಪರ್ಕಾಧಿಕಾರಿ ಎನ್ನುತ್ತಾರೆ. ಪ್ರವೇಶಪತ್ರ ತುಂಬಿಸುವುದು, ಪ್ರಯಾಣ ಗೊತ್ತುಮಾಡುವುದು, 1969ರಲ್ಲಿ ಆರಂಭವಾದ ‘ಆಬ್‌ಸ್ಟಡಿ’ ಎಂಬ ಸರ್ಕಾರಿ ನೆರವನ್ನು ದೊರಕಿಸಿಕೊಡುವುದು, ಮನೆಯ ನೆನಪಿನಿಂದ ಊಟ ಬಿಟ್ಟ ಮಗುವಿಗೆ ಫೋನಿನಲ್ಲಿ ಅಜ್ಜಿಯ ದನಿ ಕೇಳಿಸುವುದು, ಹೊರನೋಟಕ್ಕೆ ಇವು ಸಣ್ಣ ಕೆಲಸಗಳೇ. ಆದರೆ ಇವುಗಳ ಹಿಂದೆ ಭಾರವಾದ ಚರಿತ್ರೆಯಿದೆ.

ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1915ರ ಕಾನೂನು ತಿದ್ದುಪಡಿಯು, ನ್ಯಾಯಾಲಯದ ವಿಚಾರಣೆಯಿಲ್ಲದೆಯೇ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವನ್ನು ಸರ್ಕಾರಿ ಮಂಡಳಿಗೆ ಕೊಟ್ಟಿತು. 1924ರಿಂದ 1970ರವರೆಗೆ ನಡೆದ ಕಿಂಚೆಲಾ ಬಾಲಕರ ನಿಲಯದಲ್ಲಿ ಮಕ್ಕಳನ್ನು ಹೆಸರಿನ ಬದಲು ಸಂಖ್ಯೆಗಳಿಂದ ಕರೆಯುತ್ತಿದ್ದರು. ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳಲ್ಲಿ ಹತ್ತಕ್ಕೊಬ್ಬರಿಂದ ಮೂವರಿಗೊಬ್ಬರವರೆಗೆ ಹೀಗೆ ಬೇರ್ಪಟ್ಟರೆಂದು 1997ರ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿಯು ಅಂದಾಜು ಮಾಡಿತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಅವರು ಸಂಸತ್ತಿನಲ್ಲಿ ಕ್ಷಮೆ ಕೋರಿದರು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಂದು ಮಕ್ಕಳನ್ನು ಒಯ್ದವರೂ ಅದು ಮಗುವಿನ ಹಿತಕ್ಕಾಗಿ ಎಂದೇ ಹೇಳಿದ್ದರು. ಇಂದಿನ ಸಂಪರ್ಕಾಧಿಕಾರಿ ಮನೆಯಂಗಳದಲ್ಲಿ ಕುಳಿತು ಆಡುವ ಮಾತೂ ಅದೇ. ಅದನ್ನು ಕೇಳಿದ ಅಜ್ಜಿಯೊಬ್ಬಳು ಉತ್ತರಿಸದೆ ಸುಮ್ಮನಿದ್ದರೆ, ಆ ಮೌನವನ್ನು ಅಜ್ಞಾನವೆಂದು ಬಗೆಯುವುದು ಅಪಚಾರ. ಅದು ಅನುಭವದಿಂದ ಬಂದ ವಿವೇಕ. ಹಾಗಾದರೆ ಅಂದಿನವರಿಗೂ ಇಂದಿನವರಿಗೂ ಭೇದವೇನು? ಒಳ್ಳೆಯ ಉದ್ದೇಶವೊಂದೇ ಆ ಭೇದವನ್ನು ಉಂಟುಮಾಡಲಾರದು.

ಒಂದು ಸನ್ನಿವೇಶವನ್ನು ಭಾವಿಸಿಕೊಳ್ಳಿ. ಪರೀಕ್ಷೆಗೆ ಒಂದು ವಾರವಿರುವಾಗ ಹುಡುಗಿಯೊಬ್ಬಳ ತಾಯಿಯ ಅಕ್ಕ ತೀರಿಕೊಂಡಳೆಂಬ ಸುದ್ದಿ ಬರುತ್ತದೆ. ಶಾಲೆಯ ಲೆಕ್ಕದಲ್ಲಿ ಆಕೆ ದೂರದ ಬಂಧು. ಆದರೆ ಆ ಸಮುದಾಯಗಳಲ್ಲಿ ಅನೇಕ ಕಡೆ ತಾಯಿಯ ಒಡಹುಟ್ಟಿದವಳೂ ತಾಯಿಯೇ. ದೊಡ್ಡಮ್ಮ, ಚಿಕ್ಕಮ್ಮ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಎರಡರಲ್ಲೂ ಅಮ್ಮನಿದ್ದಾಳೆ. ಅಲ್ಲಿಯ ಅಂತ್ಯವಿಧಿಗಳು ಹಲವು ದಿನಗಳವರೆಗೆ ನಡೆಯುತ್ತವೆ. ಸತ್ತವರ ಹೆಸರನ್ನು ಎಷ್ಟೋ ಕಡೆ ಬಹುಕಾಲ ಉಚ್ಚರಿಸುವುದಿಲ್ಲ. ಕಳುಹಿಸಿರೆಂದು ಊರು ಕೇಳುತ್ತದೆ. ಪರೀಕ್ಷೆ ಮುಗಿಯಲೆಂದು ಶಾಲೆ ಹೇಳುತ್ತದೆ. ಇಬ್ಬರೂ ಮಗುವಿನ ಹಿತವನ್ನೇ ಬಯಸುತ್ತಾರೆ.

ನಡುವೆ ನಿಂತವರು ಏನು ಮಾಡಬೇಕು? ಸಂಬಳ ಕೊಡುವ ಶಾಲೆಯ ಮಾತನ್ನಷ್ಟೇ ಒಪ್ಪಿಸಿದರೆ ಅವರು ಬರಿಯ ದೂತರು. ಊರಿನವರ ಮನಸ್ಸು ನೋಯಬಾರದೆಂದು, ಪರೀಕ್ಷೆ ತಪ್ಪಿದರೆ ಆಗುವ ನಷ್ಟವನ್ನು ಮುಚ್ಚಿಟ್ಟರೆ ಅದೂ ವಂಚನೆಯೇ. ಸತ್ತವಳು ಆ ಹುಡುಗಿಗೆ ತಾಯಿಯೆಂಬುದನ್ನು ಮುಖ್ಯೋಪಾಧ್ಯಾಯರಿಗೆ ಸ್ಪಷ್ಟವಾಗಿ ತಿಳಿಸಬೇಕು, ಪರೀಕ್ಷೆಯನ್ನು ಮುಂದಕ್ಕೆ ಹಾಕಲಾಗದೆ ಎಂದು ಕೇಳಬೇಕು. ಮನೆಯವರಿಗೆ ನಷ್ಟದ ಲೆಕ್ಕವನ್ನೂ ಹೇಳಬೇಕು. ಆ ಮೇಲೆ ನಿರ್ಧಾರವನ್ನು ಹುಡುಗಿಗೂ ಅವಳ ಬಂಧುಗಳಿಗೂ ಬಿಡಬೇಕು. ‘ಬೇಡ’ ಎನ್ನುವ ಅಧಿಕಾರ ಅಂದಿನ ತಾಯಿಗೆ ಇರಲಿಲ್ಲ. ಇಂದಿನ ತಾಯಿಗೆ ಅದು ನಿಜವಾಗಿಯೂ ಇರುವಂತೆ ಕಾಯುವುದೇ ಮಧ್ಯಸ್ಥರ ಮೊದಲ ಧರ್ಮ.

ಎರಡನೆಯ ಧರ್ಮ, ಊರಿನ ತಿಳಿವಳಿಕೆಯನ್ನು ಶಾಲೆಯೊಳಕ್ಕೆ ತರುವುದು. ತರಗತಿಯಲ್ಲಿ ಉತ್ತರಿಸದ ಹುಡುಗನನ್ನು ಉಪಾಧ್ಯಾಯರು ಮಂದನೆಂದು ತಿಳಿದಾರು. ಆ ಊರುಗಳ ಮಕ್ಕಳಲ್ಲಿ ಕಿವಿಸೋರುವ ಬೇನೆ ಹೆಚ್ಚು, ಅದರಿಂದ ಕಿವಿ ಮಂದವಾಗುವುದುಂಟು ಎಂದು ಬಲ್ಲ ಸಂಪರ್ಕಾಧಿಕಾರಿಯು ಮೊದಲು ಕಿವಿಯನ್ನು ಪರೀಕ್ಷಿಸಿರೆನ್ನುತ್ತಾರೆ. ಅಷ್ಟರಿಂದಲೇ ಒಬ್ಬ ಬಾಲಕನ ಭವಿಷ್ಯ ಬದಲಾಗಬಹುದು.

ಊರಿನ ಮಾತಿಗೆಲ್ಲ ತಲೆಬಾಗಿದರೆ ಓದು ಕೆಡದೆ ಎಂದು ಕೆಲವರು ಕೇಳಬಹುದು. ಕೆಲವೊಮ್ಮೆ ಕೆಡುತ್ತದೆ, ಆ ನಷ್ಟವನ್ನು ಅಲ್ಲಗಳೆಯಲಾಗದು. ಆದರೆ ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯಬಹುದು, ತಾಯಿಯ ಅಂತ್ಯವಿಧಿಗೆ ಮತ್ತೊಮ್ಮೆ ಹೋಗಲಾಗದು. ಮುರಿದ ನಂಬಿಕೆಯನ್ನು ಕೂಡಿಸಲು ತಲೆಮಾರುಗಳೇ ಬೇಕಾಗುತ್ತವೆ.

ಬಂಧುಗಳೇ, ಸಂಸ್ಥೆಗೂ ಜನಕ್ಕೂ ನಡುವೆ ನಿಂತು ದುಡಿಯುವವರು ನಿಮ್ಮಲ್ಲಿಯೂ ಅನೇಕರಿದ್ದೀರಿ. ನಿಮ್ಮ ಮಾತಿನಿಂದ ಜನರು ಎಷ್ಟು ಸಲ ಬದಲಾದರೆಂಬುದನ್ನು ನೀವು ಎಣಿಸಿರುತ್ತೀರಿ. ಸಂಸ್ಥೆ ಎಷ್ಟು ಸಲ ಬದಲಾಯಿತೆಂಬುದನ್ನೂ ಒಮ್ಮೆ ಎಣಿಸಿ ನೋಡಿ. ವಿಧಿಗಳು ಮುಗಿದ ಬಳಿಕ ಆ ಹುಡುಗಿಯನ್ನು ಮರಳಿ ಶಾಲೆಗೆ ಕಳುಹಿಸಲು ಬಂಧುಗಳೇ ವಿಮಾನದ ಬಳಿಗೆ ಬಂದು ನಿಂತರೆ, ನಡುವೆ ನಿಂತವರ ಕೆಲಸ ಸಾರ್ಥಕವಾಯಿತೆಂದು ತಿಳಿಯಬೇಕು.