ಗಮನ ಯಾರ ಮನೆಯ ಆಸ್ತಿ?

"ಈ ಮಕ್ಕಳಿಗೆ ಗಮನವೇ ಇಲ್ಲ." ಕೊನೆಯ ಬೆಂಚಿನಲ್ಲಿ ಕೂತು ಈ ಮಾತು ಕೇಳುತ್ತಲೇ ಬೆಳೆದವರು ನಾವು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಗಮನವಿಲ್ಲ. ರಾತ್ರಿಯೆಲ್ಲ ಸೂರು ಸೋರಿ ನಿದ್ದೆಗೆಟ್ಟು ಬಂದಿದ್ದರೂ ಗಮನವಿಲ್ಲ. ಅದೇ ಮಾತು ಒಂದು ದಿನ ನಮ್ಮ ಬಾಯಿಂದಲೇ ಬಂದೀತು ಅಂತ ನಾವು ಎಣಿಸಿರಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಕಾಲೇಜು ಮುಚ್ಚಿದವು. ಹಾಸ್ಟೆಲ್ ಖಾಲಿ ಮಾಡಿಸಿದರು. ಟ್ರಂಕು ಹೊತ್ತು ಊರಿಗೆ ಬಂದ ನಾವು ನಾಲ್ವರು ಗೆಳೆಯರು ಸುತ್ತಿನ ಕೇರಿಗಳ ಮಕ್ಕಳಿಗೆ ಸಂಜೆ ಏಳಕ್ಕೆ ಫೋನಿನಲ್ಲೇ ಲೆಕ್ಕದ ಪಾಠ ಶುರುಮಾಡಿದೆವು. ಹೆಮ್ಮೆಯಿತ್ತು, ಸುಳ್ಳು ಯಾಕೆ? ಎಂಟನೇ ತರಗತಿಯ ಒಬ್ಬ ಹುಡುಗಿ ದಿನವೂ ಬರುತ್ತಿದ್ದಳು. ಕ್ಯಾಮೆರಾ ಹಾಕುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಪರದೆಯ ಮೇಲೆ ಅವಳ ಹೆಸರಿನ ಮೊದಲ ಅಕ್ಷರ ಮಾತ್ರ. ಮೂರು ವಾರ ನೋಡಿ, ಎಲ್ಲರ ಮುಂದೆ ಅಂದುಬಿಟ್ಟೆವು: "ಕೇಳೋ ಮನಸ್ಸಿಲ್ದಿದ್ರೆ ಯಾಕಮ್ಮ ಬರ್ತೀಯ?" ಮಾರನೇ ದಿನದಿಂದ ಅವಳು ಬರಲಿಲ್ಲ.

ತಿಂಗಳಾದ ಮೇಲೆ ಅವಳ ಮನೆಗೆ ಹೋದೆವು. ಬೆಂಗಳೂರಿನ ಗಾರೆ ಕೆಲಸ ನಿಂತು ವಾಪಸು ಬಂದಿದ್ದ ಅಣ್ಣನದು ಆ ಫೋನು. ಸಂಜೆ ಏಳು ಅಂದರೆ ಒಲೆಯ ಹೊತ್ತು. ಗೋಡೆಯ ಗೂಡಿನಲ್ಲಿ ಫೋನಿಟ್ಟು, ಹಿಟ್ಟು ತೊಳಸುತ್ತಾ ಪಾಠ ಕೇಳುತ್ತಿದ್ದಳು. ಮೈಕು ತೆರೆದರೆ ಅಜ್ಜಿಯ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮಿದವರ ಮನೆಯ ಕಡೆ ಊರೇ ತಲೆಹಾಕದ ದಿನಗಳು ಅವು. ಕೇರಿಯಲ್ಲಿ ಕೆಮ್ಮು ಅಂದರೆ ಇನ್ನು ಕೇಳಬೇಕೆ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಳು. ನಾವು ಅಲಕ್ಷ್ಯ ಅಂದುಕೊಂಡದ್ದು ಅವಳು ಮನೆ ಕಾಯುತ್ತಿದ್ದ ರೀತಿ. ಉಂಡ ಮೇಲೆ ನೆನಪಿನಿಂದ ಬರೆದುಕೊಂಡ ಲೆಕ್ಕಗಳು ನೋಟ್‌ಬುಕ್ಕಿನಲ್ಲಿದ್ದವು. ಅವಳ ಅವ್ವ ಹೊಸಿಲಲ್ಲಿ ನಿಂತು ಅಂದರು: "ಓದಿದೋರು ನೀವೇ ಬ್ಯಾಡ ಅಂದ್ಮೇಲೆ ನಾವೇನಪ್ಪ ಹೇಳಾದು?"

ಗೆಳೆಯರೇ, ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೇಷ್ಟ್ರ ಕುರ್ಚಿ ಸಿಕ್ಕಿದ ಕೂಡಲೇ ಮೇಷ್ಟ್ರ ನಾಲಿಗೆಯೂ ನಮಗೆ ಬಂದಿತ್ತು.

ಗಮನವೆಂದರೆ ಮಗುವಿನ ಗುಣ ಎಂದು ನಮ್ಮನ್ನು ನಂಬಿಸಲಾಗಿದೆ. ಕೊಟ್ಟರೆ ಒಳ್ಳೆಯ ಮಗು, ಕೊಡದಿದ್ದರೆ ಸೋಮಾರಿ. ಆದರೆ ಇಲ್ಲದ್ದನ್ನು ಕೊಡುವುದು ಎಲ್ಲಿಂದ? ಮುಚ್ಚಿಕೊಳ್ಳಲು ಒಂದು ಬಾಗಿಲು, ಯಾರೂ ಕಸಿಯದ ಒಂದು ಫೋನು, ತುಂಬಿದ ಹೊಟ್ಟೆ, "ಕುರಿ ಕಟ್ಟು ಬಾ" ಅಂತ ಕರೆಯದ ಒಂದು ಗಂಟೆ ಇದ್ದರೆ ಗಮನ ತಾನಾಗಿ ಬರುತ್ತದೆ. ಹೊಲದ ಹಾಗೆ ಇದೂ ಉಳ್ಳವರ ಹೆಸರಿನಲ್ಲಿದೆ. 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಮನೆಗಳ ಸುಮಾರು 1,400 ಮಕ್ಕಳ ಸಮೀಕ್ಷೆ ನಡೆಯಿತು. ಹಳ್ಳಿಗಳಲ್ಲಿ ತಪ್ಪದೆ ಆನ್‌ಲೈನ್ ಪಾಠ ಕಲಿಯುತ್ತಿದ್ದವರು ನೂರಕ್ಕೆ 8. ಅದರಲ್ಲೂ ದಲಿತ, ಆದಿವಾಸಿ ಮಕ್ಕಳು ನೂರಕ್ಕೆ 4, ಉಳಿದವರು 15. ಬಡತನದ ಒಳಗೂ ಜಾತಿ ತನ್ನ ಪಾಲನ್ನು ಬಿಟ್ಟುಕೊಟ್ಟಿಲ್ಲ.

ಸರ್ಕಾರ 2020ರ ಜೂನ್‌ನಲ್ಲಿ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಬೇಕೋ ಬೇಡವೋ ಎಂಬ ಆ ಜಗಳ ಫೀಸು ಕಟ್ಟುವವರದು. ನಮ್ಮ ಮಕ್ಕಳು ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು, ಮೇಷ್ಟ್ರುಗಳೇ ಊರೂರಿಗೆ ಹೋದರು. ಫೋನಿಗಿಂತ ಅದು ನೂರು ಪಾಲು ಮೇಲು, ಒಪ್ಪೋಣ. ಆದರೆ ದೇವಸ್ಥಾನದ ಜಗಲಿ ಮೇಲೆ ಪಾಠ ಅಂದಲ್ಲಿ ನಮ್ಮ ಕೇರಿಯ ಕೂಸು ಎಲ್ಲಿ ಕೂರಬೇಕಿತ್ತು? ಸೋಂಕಿನ ಭಯ ಎದ್ದು ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಮನಸ್ಸಿದ್ದರೆ ಎಲ್ಲಿದ್ದರೂ ಕಲೀಬಹುದು, ಏಕಲವ್ಯ ಕಲೀಲಿಲ್ವೇ ಅನ್ನುವವರು ಈಗಲೂ ಸಿಗುತ್ತಾರೆ. ಮಣ್ಣಿನ ಗೊಂಬೆಯ ಮುಂದೆ ಕೂತು ಬೇಸತ್ತು ಎದ್ದುಹೋದ ಬೇಡರ ಹುಡುಗರು ಎಷ್ಟಿದ್ದರೋ, ಆ ಕಥೆ ಯಾರೂ ಬರೆಯಲಿಲ್ಲ. ಗೊಂಬೆ ತಿರುಗಿ ಮಾತಾಡುವುದಿಲ್ಲ. "ಉಂಡೆಯಾ?" ಅಂತ ಕೇಳುವುದಿಲ್ಲ. ಪರದೆಯ ಮೇಲೆ ನಲವತ್ತು ನಿಮಿಷ ಒಂದೇ ಸಮ ಓದಿ ಹೋಗುವ ಮೇಷ್ಟ್ರೂ ಅಷ್ಟೆ.

ಇನ್ನೊಂದು ವಿಷಯ ನಮ್ಮನ್ನು ಈಗಲೂ ಕೊರೆಯುತ್ತದೆ. ನಮ್ಮ ಕೆಲವು ಮಕ್ಕಳೇ ಹೇಳಿದರು: "ಕ್ಯಾಮೆರಾ ಆಫ್ ಇದ್ರೆ ಚೆನ್ನಾಗಿರುತ್ತೆ ಸಾ, ಯಾರೂ ನೋಡಲ್ಲ." ಮೊದಲು ಖುಷಿಯಾಯಿತು. ಬಾಬಾಸಾಹೇಬರು ಸತಾರದ ಶಾಲೆಗೆ ಮನೆಯಿಂದ ಗೋಣಿತಟ್ಟು ಹೊತ್ತು ಹೋಗಿ ಬೇರೆ ಕೂರಬೇಕಾಗಿತ್ತು. ಇಲ್ಲಿ ಗೋಣಿಯೂ ಇಲ್ಲ, ಹಿಂದಿನ ಬೆಂಚೂ ಇಲ್ಲ. ಆಮೇಲೆ ಅನ್ನಿಸಿತು: ಕಾಣದೇ ಹೋದರೆ ಮಾತ್ರ ಸಿಗುವ ಸಮಾನತೆ ಎಂಥದು? ಹಾಗಂತ ಕ್ಯಾಮೆರಾ ಹಾಕಲೇಬೇಕು ಅಂತ ಹಟ ಹಿಡಿದರೆ ಆ ಮಗುವಿನ ಗುಡಿಸಲಿನ ಗೋಡೆ ಮೂವತ್ತು ಮನೆಗಳಲ್ಲಿ ಮೂಡುತ್ತದೆ. ಆ ಹಕ್ಕು ನಮಗಿಲ್ಲ. ಕಾಣಿಸಿಕೊಳ್ಳುವುದು ಬಿಡುವುದು ಮಗುವಿನ ಇಷ್ಟ. ಮಗುವನ್ನು ಕಾಣುವುದು ಕಲಿಸುವವರ ಕೆಲಸ. ಇಷ್ಟರ ತನಕ ನಮ್ಮ ಯೋಚನೆ ಬಂದು ನಿಂತಿದೆ.

2021ರ ಅಕ್ಟೋಬರ್ 25ರಂದು ಚಿಕ್ಕ ಮಕ್ಕಳ ತರಗತಿಗಳೂ ತೆರೆದವು. ಫೋನು ಮಾತ್ರ ಶಾಲೆ ಬಿಟ್ಟು ಹೋಗಲಿಲ್ಲ. ಹೋಂವರ್ಕ್ ವಾಟ್ಸಾಪಿನಲ್ಲಿ ಬರುತ್ತದೆ, ಪರೀಕ್ಷೆಯ ಕೋಚಿಂಗ್ ಪರದೆಯ ಮೇಲೆ ನಡೆಯುತ್ತದೆ, "ಅಪ್ಪನ ಫೋನ್‌ಗೆ ಹಾಕಿದೀನಿ, ನೋಡಿಲ್ವಾ?" ಅಂತ ಗದರುವುದೂ ನಡೆದಿದೆ. ಹಳ್ಳಿಯ ಮೇಷ್ಟ್ರುಗಳೇ, ಅಪ್ಪನ ಫೋನು ಅಪ್ಪನ ಜೊತೆ ಕೂಲಿಗೆ ಹೋಗಿರುತ್ತದೆ.

ಅವತ್ತು ಆ ಹುಡುಗಿಯ ಮನೆಯ ಮುಂದೆ ನಾವು ತಪ್ಪಾಯಿತು ಅಂದೆವು. ಯಾವ ಹೊತ್ತಾದರೆ ನಿನಗೆ ಆಗುತ್ತೆ ಅಂತ ಮೊದಲ ಸಲ ಕೇಳಿದೆವು. "ಎಂಟೂವರೆ ಸಾ, ಒಲೆ ಆರಿರುತ್ತೆ" ಅಂದಳು. ಪಾಠ ಎಂಟೂವರೆಗೆ ಹೋಯಿತು. ಗಂಟೆಯ ಪಾಠವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆವು. ಡೇಟಾ ಖಾಲಿಯಾದವರಿಗೆ ಬರೀ ಕರೆ ಮಾಡಿ ಲೆಕ್ಕ ಹೇಳಿದೆವು. ಬಾಯಿಬಿಡದವರು ಉತ್ತರ ಬರೆದು ಕಳಿಸಿದರೂ ಆಯಿತು. ಒಂದು ಕೇರಿಯಲ್ಲಿ ನಾಲ್ಕು ಮಕ್ಕಳು ಒಂದೇ ಫೋನಿನ ಸುತ್ತ ಕೂತರು. ಅವರಲ್ಲೊಬ್ಬಳು ಉಳಿದವರಿಗೆ ನಮಗಿಂತ ಚೆನ್ನಾಗಿ ಹೇಳಿಕೊಡುತ್ತಿದ್ದಳು. ಎಂಟೂವರೆ ಹೊತ್ತಿಗೆ ಇಬ್ಬರು ಚಿಕ್ಕ ಹುಡುಗರು ನಿದ್ದೆ ಹೋಗಿಬಿಡುತ್ತಿದ್ದರು. ಅವರಿಗೆ ಬೆಳಿಗ್ಗೆ, ದನ ಬಿಡುವ ಮುಂಚೆ, ಬೇರೆ ಕರೆ ಮಾಡುತ್ತಿದ್ದೆವು.