ಮುಯ್ಯಿಯ ಪುಸ್ತಕ

ನಮ್ಮ ಕನ್ನಡದಲ್ಲಿ 'ಪಾಪ' ಎಂಬ ಮಾತಿಗೆ ಎರಡು ಮುಖಗಳಿವೆ. ಕದ್ದವನು, ಸುಳ್ಳುಸಾಕ್ಷಿ ಹೇಳಿದವನು, ಹೆತ್ತವರನ್ನು ಬೀದಿಗೆ ತಳ್ಳಿದವನು ಮಾಡಿದ್ದು ಪಾಪ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತ ಅಂಚೆಯವನನ್ನು ಕಂಡಾಗ ನಮ್ಮ ಬಾಯಿಂದ ಹೊರಡುವುದೂ 'ಅಯ್ಯೋ ಪಾಪ' ಎಂಬ ಮಾತೇ. ಒಂದು ಬೆರಳು ತೋರಿಸುವ ಮಾತು, ಇನ್ನೊಂದು ಮನಸ್ಸು ಕರಗಿದ ಮಾತು. ಪಾಪ, ಶೋಧನೆ, ಕೃಪೆ ಎಂದು ಕ್ರೈಸ್ತರು ಹೇಳುವುದನ್ನು ಯೋಚಿಸುವಾಗಲೆಲ್ಲ ನನಗೆ ಈ ಎರಡೂ ಅರ್ಥ ಒಟ್ಟಿಗೆ ನೆನಪಾಗುತ್ತವೆ.

ಪಾಪ ಎಂದೊಡನೆ ಕೊಲೆ, ಕಳವು, ವ್ಯಭಿಚಾರ ಇಂಥ ದೊಡ್ಡ ಸಂಗತಿಗಳೇ ಕಣ್ಣ ಮುಂದೆ ಬರುತ್ತವೆ. ಬೆಳಿಗ್ಗೆ ಐದಕ್ಕೆ ಎದ್ದು, ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಮಾತ್ರೆಯ ಹೊತ್ತು ನೆನಪಿಟ್ಟುಕೊಂಡು, ರಾತ್ರಿ ಒಲೆಕಟ್ಟೆ ಒರೆಸಿ ಮಲಗುವ ಹೆಂಗಸಿಗೆ ಅವುಗಳಲ್ಲಿ ಯಾವುದಕ್ಕೂ ಪುರುಸೊತ್ತಿಲ್ಲ! ಹಾಗಾದರೆ ಈ ಮಾತುಗಳೆಲ್ಲ ಅವಳಿಗಲ್ಲವೇ? ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಪಾಪಕ್ಕೆ ಹೆಚ್ಚಾಗಿ ಬಳಸಿರುವ ಪದ 'ಹಮಾರ್ತಿಯಾ'. ಗುರಿ ತಪ್ಪುವುದು ಎಂಬುದು ಅದರ ಹಳೆಯ ಅರ್ಥ. ಬಾಣ ಬಿಡುವವನಿಗೆ ದುರುದ್ದೇಶ ಇರಲೇಬೇಕೆಂದಿಲ್ಲ, ಕೈ ಒಂದಿಷ್ಟು ಅಲುಗಿದರೂ ಗುರಿ ತಪ್ಪುತ್ತದೆ. ಹೀಗೆ ನೋಡಿದರೆ ಪಾಪದ ಮಾತು ಅಡುಗೆಮನೆಯ ಒಳಗೂ ಬಂದುಬಿಡುತ್ತದೆ.

ಆಮಿಷಕ್ಕೆ ಒಳಗಾಗುವುದನ್ನು ಕನ್ನಡ ಬೈಬಲಿನಲ್ಲಿ 'ಶೋಧನೆ' ಎಂದಿದ್ದಾರೆ. ಮನೆಯಲ್ಲಿ ನಾವು ಚಹಾ ಶೋಧಿಸುತ್ತೇವೆ, ಹಾಲು ಶೋಧಿಸುತ್ತೇವೆ. ಕುದಿಯುವಾಗ ಎಲ್ಲ ಒಂದೇ ಬಣ್ಣ, ಶೋಧಿಸಿದಾಗಲೇ ಚರಟ ಎಷ್ಟಿತ್ತೆಂದು ಗೊತ್ತಾಗುವುದು. ಶೋಧನೆ ಬರುವುದು ಢಂಗುರ ಹೊಡೆಸಿಕೊಂಡಲ್ಲ, ಬಹಳ ಸಣ್ಣ ರೂಪದಲ್ಲಿ. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಸಂತ ಅಗಸ್ಟೀನನು ಕ್ರಿ.ಶ. ೪೦೦ರ ಸುಮಾರಿಗೆ ಬರೆದ 'ಕನ್‌ಫೆಷನ್ಸ್' ಎಂಬ ಆತ್ಮಕಥನದಲ್ಲಿದೆ. ಅದು ಅವನ ಕಥೆಯಲ್ಲ, ಅವನ ತಾಯಿ ಮೋನಿಕಳದು. ಉತ್ತರ ಆಫ್ರಿಕದ ಆಕೆಯನ್ನು ಇಂದಿಗೂ ತಾಯಂದಿರ ಆದರ್ಶವೆಂದು ಕ್ರೈಸ್ತರು ನೆನೆಯುತ್ತಾರೆ.

ಮೋನಿಕ ಚಿಕ್ಕ ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಲು ಅವಳನ್ನೇ ಕಳಿಸುತ್ತಿದ್ದರಂತೆ. ಒಳ್ಳೆಯ ಹುಡುಗಿ, ನಂಬಬಹುದು ಎಂದು. ಹೂಜಿಗೆ ಸುರಿಯುವ ಮೊದಲು ಅವಳು ತುಟಿಯ ತುದಿಯಿಂದ ಒಂದಿಷ್ಟು ರುಚಿ ನೋಡುತ್ತಿದ್ದಳು. ಕುಡಿಯುವ ಆಸೆಯಿಂದಲ್ಲ, ಬರೀ ಹುಡುಗಾಟಕ್ಕೆ. ಇವತ್ತು ಒಂದು ಹನಿ, ನಾಳೆ ಇನ್ನೊಂದು. ಹೀಗೆ ದಿನವೂ ಸೇರುತ್ತ ಸೇರುತ್ತ ಲೋಟದ ತುಂಬ ಕುಡಿಯುವ ಚಟವಾಯಿತು. ಮನೆಯವರಿಗೆ ಗೊತ್ತಿಲ್ಲ. ಕೊನೆಗೆ ಬಿಡಿಸಿದವರು ಯಾರು? ಅವಳ ಜೊತೆ ಉಗ್ರಾಣಕ್ಕೆ ಹೋಗುತ್ತಿದ್ದ ಕೆಲಸದ ಹುಡುಗಿ. ಒಂದು ದಿನ ಇಬ್ಬರಿಗೂ ಜಗಳ ಹತ್ತಿ, ಆಕೆ ಸಿಟ್ಟಿನಲ್ಲಿ 'ಕುಡುಕಿ' ಎಂದು ಬೈದುಬಿಟ್ಟಳು. ಆ ಮಾತು ಚುಚ್ಚಿತು, ಚಟ ಅಲ್ಲಿಗೇ ನಿಂತಿತು. ಕೆಲಸದವಳಿಗೆ ತನ್ನ ಚಿಕ್ಕ ಒಡತಿಯನ್ನು ತಿದ್ದುವ ಉದ್ದೇಶವೇನೂ ಇರಲಿಲ್ಲ, ನೋಯಿಸಬೇಕೆಂದಿತ್ತು ಅಷ್ಟೆ. ಆ ನೋವನ್ನೇ ದೇವರು ಔಷಧಿ ಮಾಡಿದ ಎನ್ನುತ್ತಾನೆ ಮಗ ಅಗಸ್ಟೀನ. ಕೃಪೆ ಯಾವಾಗಲೂ ಮಧುರವಾದ ದನಿಯಲ್ಲೇ ಬರಬೇಕೆಂದಿಲ್ಲ ನೋಡಿ.

ನಮ್ಮ ಪಟ್ಟಣಗಳ ಒಳ್ಳೆಯ ಹೆಂಗಸರಿಗೆ, ಅವರು ಯಾವ ಮತದವರೇ ಆಗಿರಲಿ, ಆ ತುಟಿಯ ತುದಿಯ ಹನಿ ಯಾವುದು? ಲೆಕ್ಕ ಇಡುವುದು ಎಂದು ನನಗೆ ಅನ್ನಿಸುತ್ತದೆ. ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಪದ್ಧತಿ ಎಲ್ಲರಿಗೂ ಗೊತ್ತು. ಯಾರು ಎಷ್ಟು ಕೊಟ್ಟರು, ಯಾವ ಪಾತ್ರೆ, ಎಂಥ ಸೀರೆ. ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಅಷ್ಟನ್ನು ಹಿಂತಿರುಗಿಸಬೇಕು. ಒಬ್ಬರಿಗೊಬ್ಬರು ಆಗುವ ಒಳ್ಳೆಯ ಪದ್ಧತಿಯೇ ಅದು. ಆದರೆ 'ಮುಯ್ಯಿ ತೀರಿಸಿಕೊಂಡ' ಎಂದರೆ ಸೇಡು ತೀರಿಸಿಕೊಂಡ ಎಂದೂ ಅರ್ಥ. ಉಡುಗೊರೆಗೂ ಸೇಡಿಗೂ ಒಂದೇ ಪುಸ್ತಕ! ಆ ಪುಸ್ತಕ ಕಪಾಟಿನಲ್ಲಿ ಇರುವಷ್ಟು ದಿನ ಸರಿ. ಎದೆಯೊಳಗೆ ಇಟ್ಟುಕೊಂಡರೆ ಏನಾಗುತ್ತದೆ?

ನಾನು ಬಲ್ಲ ಒಬ್ಬ ಗೃಹಿಣಿ ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಯಾರಿಗೂ ಎದುರು ಮಾತಾಡದ ಹೆಂಗಸು. ಅತ್ತೆಯ ಕೊನೆಯ ವಾರದಲ್ಲಿ ಮುಂಬಯಿಯಿಂದ ಕಿರಿಯ ಸೊಸೆ ಬಂದಳು. ಅಷ್ಟು ವರ್ಷಗಳಲ್ಲಿ ನಾಲ್ಕು ಸಲ ಬಂದು ಹೋಗಿದ್ದವಳು. ಮುದುಕಿ ಅವಳ ಮುಖ ನೋಡಿ ನಕ್ಕರು, ಕೈಯ ಬಳೆ ಬಿಚ್ಚಿಸಿ ಅವಳಿಗೆ ತೊಡಿಸಿದರು. "ಬಳೆಯ ಆಸೆ ನನಗಿರಲಿಲ್ಲ ಕಣ್ರೀ. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ 'ದಣಿದೆಯಾ ಮಗಳೇ' ಅನ್ನಲಿಲ್ಲವಲ್ಲ" ಎಂದು ಅವರು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. ಮಣ್ಣು ಕೊಟ್ಟು ಬಂದ ದಿನದಿಂದ ಓರಗಿತ್ತಿಯರಲ್ಲಿ ಮಾತಿಲ್ಲ. ಈಗ ಕಿರಿಯವಳ ಮಗಳ ಮದುವೆಯ ಕರೆಯೋಲೆ ಬಂದಿದೆ. ಹೋಗಲೋ ಬೇಡವೋ ಎಂಬುದು ಅವರ ಪ್ರಶ್ನೆ.

ಇದೇ ಪ್ರಶ್ನೆ ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿದೆ. ಆಸ್ತಿಯ ಪಾಲು ತೆಗೆದುಕೊಂಡು ದೂರದೇಶದಲ್ಲಿ ಹಾಳುಮಾಡಿ ಹಸಿದು ಬಂದ ಕಿರಿಯ ಮಗನ ಕಥೆ ಎಲ್ಲರೂ ಕೇಳಿದ್ದೇ. ತಂದೆ ಓಡಿ ಹೋಗಿ ಅಪ್ಪಿಕೊಂಡ, ಹಬ್ಬದೂಟ ಮಾಡಿಸಿದ. ನಾವು ಸಾಮಾನ್ಯವಾಗಿ ಅಲ್ಲಿಗೇ ಕಣ್ಣೊರೆಸಿಕೊಂಡು ಕಥೆ ಮುಗಿಸುತ್ತೇವೆ. ಆದರೆ ಹೊಲದಿಂದ ದಣಿದು ಬಂದ ಅಣ್ಣ ಒಬ್ಬನಿದ್ದಾನೆ. ಒಳಗಿನ ವಾದ್ಯದ ಸದ್ದು ಕೇಳಿ ಅವನು ಹೊರಗೇ ನಿಂತುಬಿಟ್ಟ. ಅವನ ಬಾಯಿಂದ ಬಂದದ್ದೆಲ್ಲ ಲೆಕ್ಕವೇ: ಇಷ್ಟು ವರ್ಷ ದುಡಿದೆ, ಮಾತು ಮೀರಲಿಲ್ಲ, ಗೆಳೆಯರೊಡನೆ ಉಣ್ಣಲು ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ.

ಅವನ ಲೆಕ್ಕದಲ್ಲಿ ತಪ್ಪಿಲ್ಲ. ನನ್ನ ಪರಿಚಯದ ಆ ಗೃಹಿಣಿಯ ಲೆಕ್ಕದಲ್ಲೂ ತಪ್ಪಿಲ್ಲ. ದುಡಿದದ್ದು ನಿಜ, ನೋವೂ ನಿಜ. ಗುರಿ ತಪ್ಪಿದ್ದು ಬೇರೆ ಕಡೆ. ತಂದೆಯ ಮನೆಯಲ್ಲಿ ಮಗನಾಗಿದ್ದವನು ಯಾವಾಗಲೋ ತನಗೆ ತಿಳಿಯದೆಯೇ ಕೂಲಿಯಾಳಾಗಿಬಿಟ್ಟಿದ್ದ. ಪ್ರೀತಿಯಿಂದ ತೊಡಗಿದ್ದು ಸಂಬಳದ ಬಾಕಿಯಾಗಿಬಿಟ್ಟಿತ್ತು. ತಮ್ಮ ದೂರದೇಶದಲ್ಲಿ ಕಳೆದುಹೋದ, ಅಣ್ಣ ಮನೆಯಂಗಳದಲ್ಲೇ ಕಳೆದುಹೋದ. ಇದು ಸೋಮಾರಿಗಳಿಗೆ ಬರುವ ಶೋಧನೆಯಲ್ಲ. ದುಡಿಯುವವರಿಗೆ, ನಿಷ್ಠೆಯವರಿಗೆ, ಮನೆಯ ಭಾರ ಹೊತ್ತವರಿಗೇ ಬರುವಂಥದು. ಹಾಗಾಗಿಯೇ ಅದು ಪಾಪದಂತೆ ಕಾಣುವುದೂ ಇಲ್ಲ. ತಂದೆ ಏನು ಮಾಡಿದ? ಇವನನ್ನು ಕರೆಯಲೂ ಹೊರಗೆ ಬಂದ. ಗದರಿಸಲಿಲ್ಲ, ಬೇಡಿಕೊಂಡ. ಓಡಿಹೋದವನಿಗೆ ತೋರಿದ ಕರುಣೆಯನ್ನೇ ನಿಂತುಹೋದವನಿಗೂ ತೋರಿದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕ್ಷಮಿಸು, ಸಹಿಸು, ಲೆಕ್ಕ ಇಡಬೇಡ ಎಂಬ ಉಪದೇಶವನ್ನು ಶತಮಾನಗಳಿಂದ ಹೆಂಗಸರಿಗೇ ಮಾಡುತ್ತ ಬಂದಿದ್ದಾರೆ. ಶನಿವಾರ ಕುಡಿದು ಬಂದು ಹೊಡೆಯುವ ಗಂಡ, ಭಾನುವಾರ ದೇವರು ನನ್ನನ್ನು ಕ್ಷಮಿಸಿದ್ದಾನೆ, ನಿನ್ನದೇನು ಎಂದರೆ ಅದು ಕೃಪೆಯಲ್ಲ. ಹಿಟ್ಲರನನ್ನು ವಿರೋಧಿಸಿ ೧೯೪೫ರ ಏಪ್ರಿಲಿನಲ್ಲಿ ಗಲ್ಲಿಗೇರಿದ ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಪಶ್ಚಾತ್ತಾಪವಿಲ್ಲದ ಇಂಥ ಕ್ಷಮೆಯನ್ನು ೧೯೩೭ರ ತನ್ನ ಪುಸ್ತಕದಲ್ಲಿ 'ಅಗ್ಗದ ಕೃಪೆ' ಎಂದು ಕರೆದ. ಸುವಾರ್ತೆಯ ಜಕ್ಕಾಯನನ್ನು ನೋಡಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಇವನ ಮನೆಗೆ ಯೇಸು ತಾನಾಗಿಯೇ ಬರುತ್ತೇನೆಂದ. ಕೃಪೆ ಮೊದಲು ಬಂತು. ಬಂದ ಮೇಲೆ ಜಕ್ಕಾಯ ಸುಮ್ಮನೆ ಕೂರಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸಹೋದವರಿಗೆ ನಾಲ್ಕರಷ್ಟು ಎಂದ. ತಪ್ಪು ಮಾಡಿದವನು ತನ್ನ ಲೆಕ್ಕ ತಾನೇ ತೆಗೆದು ತೀರಿಸುವಂತೆ ಮಾಡುವುದೂ ಕೃಪೆಯೇ. ಹೊಡೆತ ತಿನ್ನುವವಳು ಬಾಗಿಲು ತೆರೆದು ಹೊರನಡೆದರೆ ಅವಳು ಕೃಪೆಯನ್ನು ಮೀರಿದಂತಲ್ಲ.

ಆದರೆ ಹೆಚ್ಚಿನ ಮನೆಗಳ ನೋವು ಅಂಥದಲ್ಲ. ಬಳೆಯದು, ಬಾರದ ಒಂದು ಮಾತಿನದು. ಮಂಗಳೂರಿನ ಕಡೆ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ ೮ರಂದು ಮೊಂತಿ ಹಬ್ಬ. ಚರ್ಚಿನಲ್ಲಿ ಆಶೀರ್ವಾದವಾದ ಹೊಸ ತೆನೆಯ ಕಾಳು ಅಂದಿನ ಊಟದಲ್ಲಿ ಎಲ್ಲರ ಪಾಲಿಗೂ ಬರುತ್ತದೆ. ದೂರದೂರಿನಲ್ಲಿರುವವರಿಗೆ ಅಂಚೆಯಲ್ಲಿ ಕಳಿಸುವುದೂ ಉಂಟು. ಗದ್ದೆಗೆ ಇಳಿದವರು ಯಾರು, ಇಳಿಯದವರು ಯಾರು ಎಂದು ಆ ದಿನ ಕೇಳುವುದಿಲ್ಲ. ಮನೆಯವರಾದರೆ ಸಾಕು, ಪಾಲು ಉಂಟು. ಕೃಪೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ವಿವರಿಸುವುದು ನನಗೆ ಗೊತ್ತಿಲ್ಲ.

ಆ ಅಣ್ಣ ಕೊನೆಗೆ ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ. ಕಥೆ ಅಂಗಳದಲ್ಲೇ ನಿಂತುಬಿಡುತ್ತದೆ. ಕರೆಯೋಲೆ ಹಿಡಿದು ಕೇಳಿದ ಆ ಗೃಹಿಣಿಗೆ ನಾನು ಹೇಳಿದ್ದಿಷ್ಟೆ: "ನಿಮ್ಮ ಹನ್ನೊಂದು ವರ್ಷ ಎಲ್ಲಿಯೂ ಹೋಗುವುದಿಲ್ಲ. ಅತ್ತೆ ಹೇಳದಿದ್ದರೂ ಅದು ನಡೆದದ್ದೇ. ಓರಗಿತ್ತಿಯನ್ನು ಕ್ಷಮಿಸಿಬಿಟ್ಟೆ ಎಂದು ಮೇಲಿನವರಂತೆ ಹೋಗಬೇಡಿ, ಮನಸ್ಸು ಪೂರ್ತಿ ತಿಳಿಯಾಗಲಿ ಎಂದು ಕಾಯಲೂ ಬೇಡಿ. ಮದುವೆ ಹುಡುಗಿಗೆ ನೀವು ದೊಡ್ಡಮ್ಮ. ಹಾಗೆಂದು ಹೋಗಿ." ಅವರು ಕರೆಯೋಲೆಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ಮದುವೆಗೆ ಇನ್ನೂ ಮೂರು ವಾರವಿದೆ.